ಜಾಮೀನು ಸಿಕ್ಕರೂ ಜೈಲೇ ಗತಿ

ಮಾನ್ಯರೇ,

ಮೊಬೈಲ್ ಕದ್ದು ಮೊದಲ ಸಲ ಸಿಕ್ಕಿಬಿದ್ದ ಹುಡುಗನಿಗೆ ಕೋರ್ಟು ಜಾಮೀನು ಕೊಡುತ್ತದೆ. ಆದರೆ ಶ್ಯೂರಿಟಿ ನಿಲ್ಲುವವರು ಪಹಣಿಯನ್ನೋ ಮನೆ ಕಂದಾಯದ ರಸೀದಿಯನ್ನೋ ತೋರಿಸಬೇಕು. ಬಾಡಿಗೆ ಶೆಡ್ಡಿನಲ್ಲಿರುವ ಗಾರೆ ಕೆಲಸದ ತಂದೆ ಅದನ್ನೆಲ್ಲಿಂದ ತಂದಾನು? ಹುಡುಗ ಒಳಗೇ ಉಳಿಯುತ್ತಾನೆ. ಅದೇ ಬ್ಯಾರಕ್ಕಿನ ರೌಡಿಯೊಬ್ಬ ಮೊದಲು ಸೋಪು, ಬೀಡಿ ಕೊಡುತ್ತಾನೆ, ಆಮೇಲೆ ವಕೀಲರನ್ನೂ ಜಾಮೀನುದಾರರನ್ನೂ ಹೊಂದಿಸುತ್ತಾನೆ. ಹೊರಬಂದವನು ಆ ಋಣ ತೀರಿಸುವುದು ಮಚ್ಚು ಹಿಡಿದು. ಹೀಗೆ ಕಳ್ಳನನ್ನು ರೌಡಿ ಮಾಡುವುದು ನಮ್ಮದೇ ವ್ಯವಸ್ಥೆ.

2022ರ ಕೊನೆಗೆ ದೇಶದ ಕೈದಿಗಳಲ್ಲಿ ಶೇ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರೇ, ಅಂದರೆ ತೀರ್ಪು ಇನ್ನೂ ಬಾರದವರೇ ಆಗಿದ್ದರು.

ಜಾಮೀನಾಗಿ 7 ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಸೂಪರಿಂಟೆಂಡೆಂಟ್ ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ತಿಂಗಳಾದರೂ ಜಾಮೀನಿನ ಬಾಂಡ್ (ಮುಚ್ಚಳಿಕೆ) ಸಲ್ಲಿಕೆಯಾಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲೇ ಹೇಳಿದೆ. ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ, ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಶ್ಯೂರಿಟಿ ಇಲ್ಲದ ಬಾಂಡ್ ಮೇಲೆ ಬಿಡುಗಡೆಗೆ ಅರ್ಹ. ಸಾಮಾನ್ಯ ಕಳವಿಗೆ ಗರಿಷ್ಠ ಶಿಕ್ಷೆ 3 ವರ್ಷ, ಅದರ ಮೂರನೇ ಒಂದು ಭಾಗವೆಂದರೆ 1 ವರ್ಷ. (ಅದೂ ಹೆಚ್ಚೇ.) ಆದರೆ ಇನ್ನೊಂದು ಪ್ರಕರಣ ಬಾಕಿಯಿದ್ದರೆ ಈ ಅವಕಾಶ ತಪ್ಪುತ್ತದೆ. ಎರಡು ಮೊಬೈಲಿಗೆ ಎರಡು ಎಫ್‌ಐಆರ್ ಆದರೂ ಸಾಕು.

ಜಾಮೀನು ಸಿಕ್ಕೂ ಒಳಗಿರುವವರ ಪಟ್ಟಿಯನ್ನು ಪ್ರತಿ ಜೈಲಿನಿಂದ ವಾರಕ್ಕೊಮ್ಮೆ ಪ್ರಾಧಿಕಾರ ತರಿಸಿಕೊಳ್ಳಲಿ. ಮೊದಲ ಸಲ ಬಂದವರಿಗೆ ಜೈಲಿನವರು ಬೇರೆ ಬ್ಯಾರಕ್ ಕೊಡಲಿ.