ರೂಮಿನ ಬಾಡಿಗೆ ನೋಡಿ ಸಹಿ ಹಾಕು, ತಮ್ಮಾ

ತಿಕೋಟಾ, ವಿಜಯಪುರ ಜಿಲ್ಲೆ

ತಮ್ಮಾ,

ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ಕರೆಂಟ್ ಬಂತು ಅಂತ ನಾನೇ ತೋಟಕ್ಕೆ ಓಡಿದೆ. ಏಜೆಂಟ್ ತೋರಿಸಿದ ಆರೋಗ್ಯ ವಿಮೆಯ ಬಗ್ಗೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

"ಕಂಪನಿಯವರೇ 5 ಲಕ್ಷದ ವಿಮೆ ಮಾಡಿಸಿದ್ದಾರೆ ಕಾಕಾ, ಮತ್ತೆ ಸುಮ್ನೆ ನನ್ನ ದುಡ್ಡು ಯಾಕೆ ದಂಡ" ಅಂದೆಯಲ್ಲ. ಆ ವಿಮೆ ಕಂಪನಿಯದ್ದು, ನಿನ್ನದಲ್ಲ. ಕೆಲಸ ಬಿಟ್ಟರೆ ಅದೂ ಬಿಟ್ಟು ಹೋಗುತ್ತದೆ. ನೀನೋ ಮೂರು ವರ್ಷದಲ್ಲಿ ಎರಡು ಕಂಪನಿ ಬದಲಿಸಿದವನು. ಮುಂದೆ ಶುಗರ್ ಗಂಟುಬಿದ್ದ ಮೇಲೆ ಸ್ವಂತ ಪಾಲಿಸಿ ಕೇಳಲು ಹೋದರೆ ಪ್ರೀಮಿಯಂ ಜಾಸ್ತಿ, ಕೆಲವು ಸಲ ಕೊಡುವುದೇ ಇಲ್ಲ. ಮೋಡ ಕಂಡ ಕೂಡಲೇ ನಾವು ದ್ರಾಕ್ಷಿಗೆ ಔಷಧಿ ಹೊಡೆಯುತ್ತೇವೆ, ರೋಗ ಬರಲಿ ಅಂತ ಕಾಯುತ್ತೇವಾ?

ಇನ್ನೊಂದು ಮಾತು, ಯಾರಿಗೂ ಹೇಳಿರಲಿಲ್ಲ, ನಾಚಿಕೆ. 2022ರಲ್ಲಿ ನಿನ್ನ ಕಾಕುಗೆ ಹೃದಯದ ಆಪರೇಷನ್ ಆಯಿತಲ್ಲ, ಆಗ ವಿಮೆ ಇತ್ತು. ಇದ್ದೂ ನಾನು ಮನೂಕ (ಒಣದ್ರಾಕ್ಷಿ) ಮಾರಿದ ದುಡ್ಡು ಕಟ್ಟಿ ಅವಳನ್ನು ಬಿಡಿಸಿಕೊಂಡು ಬಂದೆ. ಪಾಲಿಸಿ 3 ಲಕ್ಷದ್ದು. ರೂಮಿನ ಬಾಡಿಗೆ ದಿನಕ್ಕೆ ಅದರ ಶೇಕಡಾ 1, ಅಂದರೆ 3,000 ರೂಪಾಯಿ ಮಾತ್ರ ಅಂತ ಅದರಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. 6,000ದ ರೂಮು ಹಿಡಿದೆ. ಬೀಗರು ನೋಡಲು ಬರುತ್ತಾರೆ, ಕೂಡಲು ಒಂದು ಸೋಫಾ ಬೇಡವೇ ಅಂತ! ನಡುವೆ ಗೊತ್ತಾದಾಗಲೂ ಏಳು ದಿನಕ್ಕೆ 21 ಸಾವಿರ ಕೈಯಿಂದ ಹೋದೀತು, ಹೋಗಲಿ ಅಂದುಕೊಂಡೆ.

ಡಿಸ್ಚಾರ್ಜ್ ದಿನ ಕೌಂಟರಿನ ಹುಡುಗಿ ಬಿಲ್ಲಿನ ಮೇಲೆ ಪೆನ್ನು ಇಟ್ಟು ಒಂದೊಂದೇ ಸಾಲು ತೋರಿಸಿದಳು. ರೂಮಿಗೆ ವಿಮೆಯವರು ಕೊಟ್ಟದ್ದು ಅರ್ಧ. ಸರ್ಜನ್ ಫೀಸು ಅರ್ಧ. ಆಪರೇಷನ್ ಥಿಯೇಟರ್ ಚಾರ್ಜು, ನರ್ಸಿಂಗ್, ಎಲ್ಲಾ ಅರ್ಧ. ದೊಡ್ಡ ರೂಮು ಹಿಡಿದರೆ ಆಸ್ಪತ್ರೆಯಲ್ಲಿ ಉಳಿದ ದರಗಳೂ ಏರುತ್ತವೆ, ಅದಕ್ಕೇ ರೂಮಿನ ಬಾಡಿಗೆ ಎಷ್ಟು ಪಾಲು ಮೀರಿತೋ ಅಷ್ಟೇ ಪಾಲು ಅವುಗಳಲ್ಲೂ ಕಡಿಯುತ್ತಾರಂತೆ. ಔಷಧಿ, ಟೆಸ್ಟು ಮಾತ್ರ ಪೂರ್ತಿ ಕೊಟ್ಟರು. 2 ಲಕ್ಷ 60 ಸಾವಿರದ ಬಿಲ್ಲಿನಲ್ಲಿ 90 ಸಾವಿರ ನನ್ನ ತಲೆಗೆ. ಆ ಸೋಫಾದ ಮೇಲೆ ಕೂತ ಬೀಗರು ಇಬ್ಬರೇ, ಅದೂ ಕಾಲು ಗಂಟೆ.

ಆದರೂ ವಿಮೆ ಇಲ್ಲದಿದ್ದರೆ ತೋಟದ ಮೇಲೆ ಸಾಲ ತೆಗೆಯಬೇಕಿತ್ತು. ಹಾಗಾಗಿ ಬೇಡ ಅನ್ನುವುದಿಲ್ಲ, ಓದಿ ತಗೋ ಅನ್ನುತ್ತೇನೆ. ರೂಮಿಗೆ ಮಿತಿ ಇಲ್ಲದ್ದು ಸಿಗುತ್ತದೆ. ಕೋ-ಪೇ ಅಂತ ಇದ್ದರೆ ಪ್ರತಿ ಬಿಲ್ಲಿನಲ್ಲೂ ನಿನ್ನ ಪಾಲು ಇರುತ್ತದೆ, ಬೇಡ. 5 ಲಕ್ಷದ ಸ್ವಂತ ಪಾಲಿಸಿ ಕಡಿಮೆ ಅನ್ನಿಸಿದರೆ ಮೇಲೊಂದು ಸೂಪರ್ ಟಾಪ್-ಅಪ್ ಹಾಕು. ವರ್ಷದ ಒಟ್ಟು ಬಿಲ್ಲು 5 ಲಕ್ಷ ದಾಟಿದ ಮೇಲಿನದ್ದನ್ನು ಅದು ನೋಡಿಕೊಳ್ಳುತ್ತದೆ, ಪ್ರೀಮಿಯಂ ಅಗ್ಗ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ಪಾಲಿಸಿಗೆ ಜಿಎಸ್‌ಟಿಯೂ ಇಲ್ಲ, ಮೊದಲು ಶೇಕಡಾ 18 ಇತ್ತು.

ಬಿಪಿ ಗುಳಿಗೆ ತಗೊಳ್ಳುವುದನ್ನು ಫಾರಂನಲ್ಲಿ ಬರೆಯಬೇಡ ಅಂತ ಏಜೆಂಟ್ ಹೇಳಿದನಂತಲ್ಲ. ಬರೆ! ಬರೆದರೆ ಆ ಕಾಯಿಲೆಯ ಖರ್ಚು ಸಿಗಲು ಹೆಚ್ಚೆಂದರೆ ಮೂರು ವರ್ಷ ಕಾಯಬೇಕು. ಮುಚ್ಚಿಟ್ಟರೆ ಕ್ಲೇಮ್ ದಿನ ಹಳೇ ಚೀಟಿ ಹೊರಗೆ ಬರುತ್ತದೆ, ದುಡ್ಡು ಬರುವುದಿಲ್ಲ. ಆ ದಿನ ಏಜೆಂಟ್ ಫೋನ್ ಎತ್ತುತ್ತಾನಾ?

ಅವ್ವನ ಚಿಂತೆ ನನಗೆ ಬಿಡು. ಅವಳು ನಮ್ಮ ಸಹಕಾರಿ ಸೊಸೈಟಿಯ ಸದಸ್ಯೆ, ಸರ್ಕಾರದ ಯಶಸ್ವಿನಿ ಆರೋಗ್ಯ ಯೋಜನೆಗೆ ನಾನೇ ಹೆಸರು ಹಚ್ಚಿಸುತ್ತೇನೆ, ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಪಟ್ಟಿಯಲ್ಲಿರುವ ಆಸ್ಪತ್ರೆಗೇ ಹೋಗಬೇಕು, ಅದೊಂದು ನೆನಪಿರಲಿ.

ದಸರೆಗೆ ಬನ್ನಿ ಕೊಡಲು ಬರುತ್ತೀಯಲ್ಲ, ಸಹಿ ಹಾಕುವ ಮೊದಲು ಆ ಪಾಲಿಸಿಯ ಕಾಗದ ಪ್ರಿಂಟ್ ಹಾಕಿಸಿಕೊಂಡು ಬಾ. ಮೊಬೈಲಿನಲ್ಲಿ ನನಗೆ ಅಕ್ಷರ ಕಾಣುವುದಿಲ್ಲ. ಕಟ್ಟೆ ಮೇಲೆ ಕೂತು ಇಬ್ಬರೂ ಓದೋಣ. ಕಾಕು ನಿನಗೆ ಅಂತ ಎರಡು ಕಿಲೋ ಮನೂಕ ತೆಗೆದಿಟ್ಟಿದ್ದಾಳೆ.

ನಿನ್ನ ಕಾಕಾ