ಗೋಡೌನಿನ ಗುಳಿಗೆ ಮನೆಗೆ ತರಬೇಡಿ: ಪೋಷಕರಿಗೊಂದು ಪತ್ರ

ಆತ್ಮೀಯ ಪೋಷಕರೇ,

ನಮಸ್ಕಾರ. ಕಳೆದ ವಾರ ಮೂರನೇ ತರಗತಿಯ ಒಂದು ಮಗು ಮನೆಯಿಂದ ಸೀಮೆಸುಣ್ಣ ತಂದಿತ್ತು. ಸ್ಲೇಟಿನ ಮೇಲೆ ಹೂವು ಬರೆದು ಪಕ್ಕದ ಮಕ್ಕಳಿಗೂ ಚೂರು ಚೂರು ಹಂಚಿತ್ತು. ಅದು ಜಿರಳೆಗೆ ಗೆರೆ ಎಳೆಯುವ ವಿಷದ ಸೀಮೆಸುಣ್ಣ. ಬಿಸಿಯೂಟದ ಗಂಟೆ ಹೊಡೆಯಲು ಇನ್ನು ಹತ್ತು ನಿಮಿಷ ಇತ್ತು. ತರಗತಿಯ ಶಿಕ್ಷಕಿ ನೋಡಿದ್ದರಿಂದ ಆಯಿತು. ಎಲ್ಲ ಮಕ್ಕಳ ಕೈಯನ್ನೂ ಸೋಪು ಹಾಕಿ ತೊಳೆಸಿದೆವು. ಯಾರಿಗೂ ಏನೂ ಆಗಲಿಲ್ಲ.

ಆ ಮಗುವನ್ನು ನಾನು ಬೈಯಲಿಲ್ಲ. ನೋಡಲು ನಮ್ಮ ಬೋರ್ಡಿನ ಸೀಮೆಸುಣ್ಣದ ಹಾಗೇ ಇರುವಾಗ ಮಗುವಿಗೆ ಹೇಗೆ ಗೊತ್ತಾಗಬೇಕು? ಆದರೆ ಅವತ್ತು ಮಧ್ಯಾಹ್ನ ಪ್ರತಿ ತರಗತಿಗೂ ಹೋಗಿ, ನಿಮ್ಮ ಮನೆಯಲ್ಲಿ ಇಲಿ, ಜಿರಳೆಗೆ ಏನು ಹಾಕುತ್ತಾರೆ ಎಂದು ಕೇಳಿದೆ. ಬೋನು, ಪಾಷಾಣ, ಬೆಕ್ಕು ಎಂದೆಲ್ಲ ಕೂಗಿದರು. ಐದನೇ ತರಗತಿಯ ಒಬ್ಬ ಹುಡುಗ ಹೇಳಿದ್ದು ಕೇಳಿ ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. "ನಮ್ಮಪ್ಪ ಗೋಡೌನಿಂದ ಗುಳಿಗೆ ತಂದಿದಾರೆ ಮಿಸ್. ಬಿಲದೊಳಗೆ ಹಾಕಿ ಮಣ್ಣು ಮುಚ್ತಾರೆ."

ಈ ಪತ್ರ ಬರೆಯುತ್ತಿರುವುದೇ ಅದಕ್ಕೆ. ಉಳಿದದ್ದನ್ನು ಆಮೇಲೆ ಓದಿದರೂ ನಡೆಯುತ್ತದೆ. ಇದೊಂದನ್ನು ಈಗಲೇ ಓದಿ.

ಅಕ್ಕಿ, ಮೆಕ್ಕೆಜೋಳದ ಚೀಲಗಳಿಗೆ ಹುಳ ಹಿಡಿಯದಂತೆ ಗೋಡೌನಿನಲ್ಲಿ ಇಡುವ ಗುಳಿಗೆಯಲ್ಲಿ ಅಲ್ಯೂಮಿನಿಯಂ ಫಾಸ್ಫೈಡ್ ಇರುತ್ತದೆ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ವಿಷದ ಗಾಳಿ ಹೊರಡುತ್ತದೆ. ಹುಳವನ್ನೂ ಇಲಿಯನ್ನೂ ಕೊಲ್ಲುವುದು ಆ ಗಾಳಿಯೇ. ಅದು ಮನುಷ್ಯರನ್ನೂ ಬಿಡುವುದಿಲ್ಲ. ಅದಕ್ಕೆ ಮದ್ದು ಇನ್ನೂ ಸಿಕ್ಕಿಲ್ಲ, ಡಾಕ್ಟರ ಕೈಯಲ್ಲಿ ಆಗುವುದು ಉಸಿರು ನಿಲ್ಲದಂತೆ, ರಕ್ತದೊತ್ತಡ ಬೀಳದಂತೆ ಒದ್ದಾಡುವುದಷ್ಟೇ. ನಮ್ಮ ಹಳೇ ದಾವಣಗೆರೆಯ ಮನೆಗಳು ಹೇಗಿವೆ ನೋಡಿ. ಎರಡು ಮನೆಗೆ ಒಂದೇ ಗೋಡೆ. ಆ ಗೋಡೆಯೊಳಗೆ ಹೆಗ್ಗಣ ತೋಡಿದ ಬಿಲ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಯಾರಿಗೂ ಗೊತ್ತಿಲ್ಲ. ನೀವು ಈಚೆ ಬಿಲದಲ್ಲಿ ಗುಳಿಗೆ ಹಾಕಿ ಮಣ್ಣು ಮುಚ್ಚಿದರೆ, ಗಾಳಿ ಆಚೆ ಮನೆಯಲ್ಲಿ ಮಗು ಮಲಗಿದ ಕೋಣೆಗೆ ಹೋಗಬಹುದು. ಗಾಳಿಗಿಂತ ಸ್ವಲ್ಪ ಭಾರವಾದ್ದರಿಂದ ನೆಲದ ಹತ್ತಿರ ನಿಲ್ಲುತ್ತದೆ. ನಮ್ಮ ಮಕ್ಕಳು ಮಲಗುವುದೂ ನೆಲದ ಮೇಲೇ ಅಲ್ವಾ?

ಸರ್ಕಾರ ಈ ಗುಳಿಗೆಯನ್ನು ಮನೆಬಳಕೆಗೆ ಬಿಟ್ಟಿಲ್ಲ. ತರಬೇತಿ ಇದ್ದವರು, ಪರವಾನಗಿ ಇದ್ದವರು ಮಾತ್ರ ಬಳಸಬೇಕು. ಗೋಡೌನಿನಲ್ಲಿ, ರೈಸ್ ಮಿಲ್ಲಿನಲ್ಲಿ ಹಮಾಲಿ ಕೆಲಸ ಮಾಡುವ ಅಪ್ಪಂದಿರು ನಮ್ಮಲ್ಲಿ ಜಾಸ್ತಿ ಇದ್ದೀರಿ. ಕಾಸು ಉಳಿಯುತ್ತದೆ, ಇಲಿ ಸಾಯುತ್ತದೆ ಎಂದು ಒಂದೆರಡು ಗುಳಿಗೆ ಜೇಬಿಗೆ ಹಾಕಿಕೊಂಡು ಬಂದಿರುತ್ತೀರಿ. ತಪ್ಪು ಎಂದು ಬೆರಳು ತೋರಿಸಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ಇದ್ದರೆ ಡಬ್ಬಿ ಬಿಚ್ಚಬೇಡಿ, ನೀರು ತಾಗಿಸಬೇಡಿ, ಕಸಕ್ಕೂ ಚರಂಡಿಗೂ ಎಸೆಯಬೇಡಿ. ಮಕ್ಕಳನ್ನು ದೂರ ಇಟ್ಟು, ತಂದ ಗೋಡೌನಿನವರಿಗೇ ಫೋನ್ ಮಾಡಿ, ಅವರೇ ಬಂದು ಒಯ್ಯುವಂತೆ ಹೇಳಿ. ಬೆಳ್ಳುಳ್ಳಿಯ ಅಥವಾ ಕೊಳೆತ ಮೀನಿನ ವಾಸನೆ ಬಂದು, ಮನೆಯವರಿಗೆ ವಾಂತಿ, ತಲೆಸುತ್ತು, ಉಸಿರುಕಟ್ಟು ಶುರುವಾದರೆ ಎಲ್ಲರೂ ಹೊರಗೆ ಬಂದು 108ಕ್ಕೆ ಫೋನ್ ಮಾಡಿ. ಪಕ್ಕದ ಮನೆಯವರನ್ನೂ ಎಬ್ಬಿಸಿ. ವಾಸನೆ ಇಲ್ಲ ಎಂದು ಸುಮ್ನೆ ಕೂರಬೇಡಿ, ಎಲ್ಲರಿಗೂ ಅದು ಗೊತ್ತಾಗುವುದಿಲ್ಲ.

ಅಂಗಡಿಯಲ್ಲಿ ಸಿಗುವ ಪೇಸ್ಟಿನಂಥ ಇಲಿ ಪಾಷಾಣವೂ ಅಷ್ಟೇ ಕೆಟ್ಟದ್ದು. ಹಳದಿ ರಂಜಕ (ಯೆಲ್ಲೋ ಫಾಸ್ಫರಸ್) ಇರುವ ಪೇಸ್ಟನ್ನು ಬ್ರೆಡ್ಡಿಗೋ ಟೊಮೆಟೊಗೋ ಹಚ್ಚಿ ಇಡುತ್ತೀರಿ. ಮಗು ಬಾಯಿಗೆ ಹಾಕಿದರೆ ಒಮ್ಮೆ ವಾಂತಿಯಾಗಿ, ಆಮೇಲೆ ಒಂದೆರಡು ದಿನ ಆಟ ಆಡಿಕೊಂಡು ಚೆನ್ನಾಗೇ ಇರಬಹುದು. ಅಷ್ಟರಲ್ಲಿ ಒಳಗೆ ಲಿವರ್ ಕೆಡುತ್ತಿರುತ್ತದೆ. ಹಾಗಾಗಿ "ಈಗ ಸರಿ ಇದ್ದಾನಲ್ಲ" ಎಂದು ಕಾಯಬೇಡಿ. ಹಾಲು, ಎಣ್ಣೆ ಕುಡಿಸಬೇಡಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಪಾಷಾಣದ ಡಬ್ಬಿ ಕೈಯಲ್ಲಿ ಹಿಡಿದು ನೇರ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಓಡಿ. ಯಾವ ವಿಷ ಎಂದು ಡಾಕ್ಟರಿಗೆ ಗೊತ್ತಾದರೆ ಸಮಯ ಉಳಿಯುತ್ತದೆ.

ಹಾಗಾದರೆ ಇಲಿಗೆ ಏನು ಮಾಡಬೇಕು ಎಂದು ಕೇಳುತ್ತೀರಿ. ಕೇಳಲೇಬೇಕಾದ ಮಾತು. ನಮ್ಮೂರಿನಲ್ಲಿ ಇಲಿ ಇರುವುದಕ್ಕೆ ನಿಮ್ಮ ಮನೆ ಗಲೀಜು ಎಂದು ಯಾರೂ ನಾಚಿಕೆಪಡಬೇಕಿಲ್ಲ. ಹತ್ತಿ ಮಿಲ್ಲುಗಳ ಕಾಲದಲ್ಲಿ ಬೆಳೆದ ಊರು ಇದು. ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ನಮ್ಮ ತಂದೆ ಮಿಲ್ಲಿನ ಕೂಗು ಕೇಳಿ ಪಾಳಿಗೆ ಹೊರಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಮಿಲ್ಲುಗಳು ಮುಚ್ಚಿದವು. ಅಕ್ಕಿ ಗೋಡೌನು, ಮೆಕ್ಕೆಜೋಳದ ಮಂಡಿ, ಮಂಡಕ್ಕಿ ಭಟ್ಟಿ ಉಳಿದವು. ಇಲಿಗೆ ತಿನ್ನಲು ಕಾಳು, ಇರಲು ಪಾಳುಬಿದ್ದ ಕಾಂಪೌಂಡು, ಓಡಾಡಲು ಹಳೇ ಚರಂಡಿ. ಮೂರೂ ಒಂದೇ ಬೀದಿಯಲ್ಲಿ ಸಿಗುತ್ತವೆ.

ನಮ್ಮಜ್ಜಿ "ಇಲಿ ಬಿತ್ತು" ಎಂಬ ಮಾತನ್ನು ದನಿ ತಗ್ಗಿಸಿ ಹೇಳುತ್ತಿದ್ದರು. ಮುಂಬೈಯಲ್ಲಿ 1896ರಲ್ಲಿ ಕಂಡ ಪ್ಲೇಗು ರೈಲು ಹತ್ತಿ ಹುಬ್ಬಳ್ಳಿಗೆ ಬಂತು, 1898ರಲ್ಲಿ ಬೆಂಗಳೂರು ಮುಟ್ಟಿತು. ಆ ರೈಲು ದಾರಿ ನಮ್ಮೂರ ಮೇಲೇ ಹೋಗುತ್ತದೆ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರಂತೆ. ಈಗ ಪ್ಲೇಗಿನ ಭಯ ಇಲ್ಲ. ಇಲಿ ಜ್ವರದ ಭಯ ಇದೆ. ಇಲಿಯ ಮೂತ್ರ ಬೆರೆತ ನೀರು ಕಾಲಿನ ಗಾಯಕ್ಕೆ ತಾಗಿದರೆ ಬರುತ್ತದೆ. ಮಳೆಗಾಲದಲ್ಲಿ ಚರಂಡಿ ಉಕ್ಕಿದ ದಿನ ಮಕ್ಕಳನ್ನು ಬರಿಗಾಲಲ್ಲಿ ಕಳಿಸಬೇಡಿ. ಜ್ವರದ ಜೊತೆ ಮೀನಖಂಡ ನೋವು, ಕಣ್ಣು ಕೆಂಪು ಇದ್ದರೆ ಡಾಕ್ಟರಿಗೆ ಹೇಳಿ. ಬೇಗ ಗೊತ್ತಾದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ.

ಇಲಿಯನ್ನು ಕೊಲ್ಲುವುದಕ್ಕಿಂತ ಒಳಗೆ ಬಿಡದಿರುವುದು ಸುಲಭ. ಹೆಣ್ಣಿಲಿ ಗಬ್ಬವಾದ ಮೂರೇ ವಾರಕ್ಕೆ ಮರಿ ಹಾಕುತ್ತದೆ, ಆ ಮರಿಗಳು ಎರಡು ಮೂರು ತಿಂಗಳಿಗೆ ತಾವೇ ಮರಿ ಹಾಕುತ್ತವೆ. ನೀವು ನಾಲ್ಕು ಕೊಲ್ಲುವಷ್ಟರಲ್ಲಿ ಎಂಟು ಬರುತ್ತವೆ. ಸುಂಡಿಲಿಗೆ ಪೆನ್ಸಿಲ್ ತೂರುವಷ್ಟು ಸಂದು ಸಾಕು. ದೊಡ್ಡ ಇಲಿಗೆ ಹೆಬ್ಬೆರಳು ತೂರುವಷ್ಟು. ಸಂಜೆ ಮಕ್ಕಳ ಕೈಗೇ ಪೆನ್ಸಿಲ್ ಕೊಟ್ಟು ಬಾಗಿಲ ಕೆಳಗೆ, ಪೈಪ್ ಹೋಗುವ ಕಡೆ, ಗೋಡೆ ಮಾಡು ಸೇರುವ ಕಡೆ ಹುಡುಕಿಸಿ. ಸಿಕ್ಕ ತೂತಿಗೆ ಪಾತ್ರೆ ತಿಕ್ಕುವ ಸ್ಟೀಲಿನ ನಾರು ಗಿಡಿದು ಮೇಲೆ ಸಿಮೆಂಟ್ ಮೆತ್ತಿ. ಬಟ್ಟೆ, ಪ್ಲಾಸ್ಟಿಕ್ ತುರುಕಿದರೆ ಒಂದು ರಾತ್ರಿಯ ಕೆಲಸ, ಕಡಿದು ಹಾಕುತ್ತದೆ. ಬಚ್ಚಲ ತೂತಿಗೆ ಕಬ್ಬಿಣದ ಜಾಲರಿ ಹಾಕಿ. ಅಕ್ಕಿ, ಬೇಳೆ, ಮಂಡಕ್ಕಿ ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ಇರಲಿ. ರಾತ್ರಿ ಎಂಜಲು ಪಾತ್ರೆ ಬಿಡಬೇಡಿ.

ಆಮೇಲೆ ಬೋನು. ಬೋನಿಗೆ ಇಲಿ ಬೀಳಲ್ಲ ಎಂದು ತುಂಬಾ ಜನ ಹೇಳುತ್ತೀರಿ. ಇಲಿಗೆ ಹೊಸ ವಸ್ತು ಕಂಡರೆ ಅನುಮಾನ. ಮೂರು ದಿನ ಬಾಗಿಲು ಬೀಳದ ಹಾಗೆ ಕಟ್ಟಿ, ಒಳಗೆ ಮೆಣಸಿನಕಾಯಿ ಬಜ್ಜಿ ಚೂರೋ ಸುಟ್ಟ ಕೊಬ್ಬರಿಯೋ ಇಡಿ. ತಿಂದು ಹೋಗಲಿ. ನಾಲ್ಕನೇ ರಾತ್ರಿ ಕಟ್ಟು ಬಿಚ್ಚಿ. ಬೋನು ಗೋಡೆಗೆ ತಾಗಿಯೇ ಇರಬೇಕು, ಇಲಿ ಗೋಡೆ ಬದಿಯಲ್ಲೇ ಓಡುತ್ತದೆ. ಅಂಟಿನ ಹಲಗೆ ಮಾತ್ರ ಬೇಡ ಎಂದು ನನ್ನ ಮನವಿ. ಅದಕ್ಕೆ ಅಂಟಿಕೊಂಡ ಇಲಿ ರಾತ್ರಿಯೆಲ್ಲ ಒದ್ದಾಡುವುದನ್ನು ಮಕ್ಕಳು ನೋಡಬಾರದು. ಪಾಳು ಮಿಲ್ಲಿನ ಕಡೆಯಿಂದ ಕೇರೆ ಹಾವು ಬಂದರೆ ಕಲ್ಲು ಎಸೆಯಬೇಡಿ, ಅದು ಬಂದಿರುವುದು ಇಲಿಗಾಗಿ.

ಜಿರಳೆಗೆ ಸ್ಪ್ರೇ ಹೊಡೆದರೆ ಕಣ್ಣಿಗೆ ಕಂಡದ್ದು ಸಾಯುತ್ತದೆ. ಅಡುಗೆಮನೆಯ ಸಣ್ಣ ಕಂದು ಜಿರಳೆ ಹೊತ್ತು ತಿರುಗುವ ಒಂದು ಮೊಟ್ಟೆ ಚೀಲದಲ್ಲಿ 30-40 ಮರಿ ಇರುತ್ತವೆ, ಚೀಲದ ಒಳಗೆ ಸ್ಪ್ರೇ ಇಳಿಯುವುದಿಲ್ಲ. ಗ್ಯಾಸ್ ಸ್ಟೌ ಕೆಳಗೆ, ಫ್ರಿಜ್ ಹಿಂದೆ ಜಿರಳೆ ಕೊಲ್ಲುವ ಜೆಲ್ಲಿನ ಚುಕ್ಕೆ ಇಟ್ಟು, ಎರಡು ವಾರ ಬಿಟ್ಟು ಮತ್ತೆ ಇಡಿ. ಸೀಮೆಸುಣ್ಣದ ರೂಪದ ವಿಷವನ್ನು ದಯವಿಟ್ಟು ಕೊಳ್ಳಲೇಬೇಡಿ. ಆಸ್ತಮಾ ಇರುವ ಮಕ್ಕಳಿಗೆ ಜಿರಳೆಯ ಹಿಕ್ಕೆಯ ಧೂಳೂ ಆಗುವುದಿಲ್ಲ, ಸ್ಪ್ರೇ ಹೊಗೆಯೂ ಆಗುವುದಿಲ್ಲ.

ತಿಗಣೆ ರೋಗ ಹರಡುವುದಿಲ್ಲ, ಆದರೆ ನಿದ್ದೆ ಕೆಡಿಸುತ್ತದೆ. ಹಾಸಿಗೆ ಬಟ್ಟೆ ಕುದಿಯುವ ನೀರಲ್ಲಿ ನೆನೆಸಿ, ಮಂಚದ ಸಂದಿಗೂ ಬಿಸಿನೀರು ಹುಯ್ಯಿ. ಮಗುವಿನ ಮೈಮೇಲೆ ಕಡಿದ ಗುರುತಿದ್ದರೆ ನಮಗೆ ಹೇಳಿ, ಬ್ಯಾಗು ಬೇರೆ ಇಡುತ್ತೇವೆ. ಯಾರಿಗೂ ಹೇಳುವುದಿಲ್ಲ.

ನಲ್ಲಿ ನೀರು ದಿನಾ ಬಾರದ ಕಡೆ ಡ್ರಮ್ಮು, ಸಂಪು ತುಂಬಿಸಿಡುತ್ತೀರಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಆ ತಿಳಿನೀರಲ್ಲೇ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ ಒಳಗೋಡೆ ತಿಕ್ಕಿ. ಸುಮ್ನೆ ನೀರು ಚೆಲ್ಲಿದರೆ ಸಾಲದು, ಗೋಡೆಗೆ ಅಂಟಿದ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ.

ಹೋಟೆಲು, ಕಿರಾಣಿ ಅಂಗಡಿ, ಭಟ್ಟಿ ನಡೆಸುವ ಪೋಷಕರಿಗೆ ಎರಡು ಮಾತು. ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗಿಸಬೇಡಿ. ಕೆಳಗೆ ಹಲಗೆ ಹಾಕಿ, ಹಿಂದೆ ಒಬ್ಬರು ಓಡಾಡುವಷ್ಟು ಜಾಗ ಬಿಡಿ. ಹಳೇ ಮಾಲು ಮೊದಲು ಖರ್ಚಾಗಲಿ. ರಾತ್ರಿ ಅಂಗಡಿ ಮುಚ್ಚುವಾಗ ಕಸವನ್ನು ಚರಂಡಿಗೆ ತಳ್ಳಿದರೆ, ಅದು ತಿನ್ನಲು ಬರುವ ಹೆಗ್ಗಣ ಹಿಂದಿನ ಬೀದಿಯ ಮನೆಗಳಿಗೆ ನುಗ್ಗುತ್ತದೆ. ಆ ಮನೆಗಳಲ್ಲಿ ನಮ್ಮ ಶಾಲೆಯ ಮಕ್ಕಳೇ ಇದ್ದಾರೆ.

ಶಾಲೆಯ ವಿಷಯವನ್ನೂ ಮುಚ್ಚಿಡುವುದಿಲ್ಲ. ಬಿಸಿಯೂಟದ ಸ್ಟೋರ್ ರೂಮಿನಲ್ಲಿ ಈ ತಿಂಗಳು ಇಲಿ ಹಿಕ್ಕೆ ಕಂಡಿತು. ಕಡಿದ ಎರಡು ಚೀಲ ಅಕ್ಕಿಯನ್ನು ಅಡುಗೆಗೆ ಬಳಸದೆ ಬೇರೆ ಇಟ್ಟು ಮೇಲಿನವರಿಗೆ ಬರೆದಿದ್ದೇವೆ. ಹಿಕ್ಕೆಯನ್ನು ಒಣಗಿರುವಾಗಲೇ ಗುಡಿಸದೆ, ಬ್ಲೀಚಿಂಗ್ ನೀರು ಚಿಮುಕಿಸಿ ಒರೆಸಿ ತೆಗೆದೆವು. ಬಾಗಿಲ ಕೆಳಗೆ ತಗಡು ಹೊಡೆಸಿದ್ದೇವೆ. ಹಳೇ ದಾಖಲಾತಿ ಪುಸ್ತಕಗಳ ಬೀರುವಿಗೆ ಗೆದ್ದಲು ಹತ್ತಿದೆ. ನಿಮ್ಮ ಅಪ್ಪ, ಅಜ್ಜಂದಿರ ಹೆಸರಿರುವ ಹಾಳೆಗಳು ಹೋಗಿವೆ. ಉಳಿದದ್ದನ್ನು ಗೋಡೆಯಿಂದ ದೂರ, ಕಬ್ಬಿಣದ ಕಪಾಟಿಗೆ ಸಾಗಿಸಿದ್ದೇವೆ. ಇದನ್ನು ನಾವು ಮೊದಲೇ ಮಾಡಬೇಕಿತ್ತು.

ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, 12 ಗಂಟೆಗೆ ಎಲ್ಲರೂ ಬನ್ನಿ. ಬೀದಿಗೆ ಇಬ್ಬರಂತೆ ಹೆಸರು ಬರೆದುಕೊಂಡು, ಭಾನುವಾರ ಒಂದೇ ದಿನ ಎಲ್ಲ ಮನೆಗಳ ಬಿಲ ಮುಚ್ಚೋಣ. ಒಂದು ಮನೆಯವರು ಮುಚ್ಚಿದರೆ ಇಲಿ ಪಕ್ಕದ ಮನೆಗೆ ಹೋಗುತ್ತದೆ. ಸಿಮೆಂಟು, ಸ್ಟೀಲಿನ ನಾರು ಶಾಲೆಯಿಂದ ಕೊಡುತ್ತೇವೆ. ನಮ್ಮಲ್ಲಿ ಆರು ಇಲಿ ಬೋನುಗಳಿವೆ. ಬೇಕಾದವರು ಹೆಸರು ಬರೆಸಿ ವಾರಕ್ಕೆಂದು ಒಯ್ಯಬಹುದು. ಮುಚ್ಚಳ ಗಟ್ಟಿ ಇರುವ ಹಳೇ ಎಣ್ಣೆ ಡಬ್ಬಿಗಳು ಮನೆಯಲ್ಲಿದ್ದರೆ ತೊಳೆದು ತನ್ನಿ, ಸ್ಟೋರಿನ ಬೇಳೆಗೆ ಇನ್ನೂ ನಾಲ್ಕು ಬೇಕು.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ