ತಂತ್ರಜ್ಞರನ್ನು ನಾವು ತಯಾರು ಮಾಡಿದ್ದೇವೆ, ಹುದ್ದೆಯನ್ನು ನೀವು ಕೊಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಿಮ್ಮ ಕಚೇರಿಗೆ ಈ ಹಿಂದೆ ಬರೆದ ಪತ್ರಗಳಿಗೆಲ್ಲ ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಒಂದೇ ಸಾಲಿನ ಉತ್ತರ ಬಂತು. ಅದಕ್ಕೇ ಈ ಸಲ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಬೇಡಿಕೆ ಹಳೆಯದೇ: ಪ್ರತಿ ಜಿಲ್ಲಾ ಆಸ್ಪತ್ರೆಗೆ ವೈದ್ಯಕೀಯ ಉಪಕರಣ ತಂತ್ರಜ್ಞರ ಒಂದು ಹುದ್ದೆ ಮಂಜೂರು ಮಾಡಿ. ಸಲಹೆಗಾರ, ಸಂಯೋಜಕ ಇವೆಲ್ಲ ಬೇಡ. ಸ್ಕ್ರೂಡ್ರೈವರ್ ಹಿಡಿದು ಯಂತ್ರ ಬಿಚ್ಚುವ ಅಧಿಕಾರ ಇರುವ ಒಬ್ಬ ತಂತ್ರಜ್ಞ ಸಾಕು.

ನಾನು ಬಯೋಮೆಡಿಕಲ್ ಎಂಜಿನಿಯರ್. ರಜೆ ಹಾಕಿ, ಕೈಯಿಂದ ಖರ್ಚು ಮಾಡಿಕೊಂಡು ಬಂದು ಸರ್ಕಾರಿ ಆಸ್ಪತ್ರೆಗಳ ಹುಡುಗ ಹುಡುಗಿಯರಿಗೆ ಉಪಕರಣ ರಿಪೇರಿ ಕಲಿಸುವ ಸ್ವಯಂಸೇವಕರಲ್ಲಿ ಒಬ್ಬ. ಮೊದಮೊದಲು ನಾವೇ ಬಂದು ಯಂತ್ರ ರಿಪೇರಿ ಮಾಡಿ ಹೋಗುತ್ತಿದ್ದೆವು. ಮುಂದಿನ ವರ್ಷ ಬಂದರೆ ಅದೇ ಯಂತ್ರ, ಅದೇ ಮೂಲೆ, ಅದೇ ಧೂಳು. ಹಾಗಾಗಿ ರಿಪೇರಿ ಬಿಟ್ಟು ಕಲಿಸುವುದಕ್ಕೆ ಇಳಿದೆವು. ಇದು ನಾವು ಕಂಡುಹಿಡಿದದ್ದೇನಲ್ಲ. ‘ಎಂಜಿನಿಯರಿಂಗ್ ವರ್ಲ್ಡ್ ಹೆಲ್ತ್’ ಸಂಸ್ಥೆ ಶುರುವಾದದ್ದು 2001ರಲ್ಲಿ. ರುವಾಂಡಾ, ಹೊಂಡುರಾಸ್, ಕಾಂಬೋಡಿಯಾಗಳಲ್ಲಿ ಅವರು ಇದೇ ಬಗೆಯ ತಂತ್ರಜ್ಞರ ತರಬೇತಿ ನಡೆಸಿದ್ದಾರೆ. ಮರ್ಸಿ ಶಿಪ್ಸ್‌ನವರು ಆಸ್ಪತ್ರೆ ಹಡಗು ನಿಲ್ಲಿಸಿದ ಆಫ್ರಿಕಾದ ದೇಶಗಳಲ್ಲಿ ಕಲಿಸುತ್ತಾರೆ. ದಾರಿ ಸವೆದದ್ದೇ ಇದೆ. ನಡೆಯುವವರಿಗೆ ಹುದ್ದೆ ಇಲ್ಲ, ಅಷ್ಟೇ.

ಅಂಕಿ ಅಂಶ ನಿಮ್ಮ ಮೇಜಿನ ಮೇಲೆ ಇರಲೇಬೇಕು. ಆದರೂ ಒಂದೆರಡು ಹೇಳುತ್ತೇನೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಡ ದೇಶಗಳ ಆಸ್ಪತ್ರೆಗಳ ಒಂದು ಲಕ್ಷಕ್ಕೂ ಹೆಚ್ಚು ಉಪಕರಣಗಳ ಲೆಕ್ಕ ಹಾಕಿತು. ಹತ್ತಿರ ಹತ್ತಿರ ಶೇ. 40ರಷ್ಟು ಕೆಟ್ಟು ಕೂತಿದ್ದವು. ಅದರ ಹಿಂದಿನ ವರ್ಷದ ಇನ್ನೊಂದು ಅಧ್ಯಯನ 11 ದೇಶಗಳ 60 ಆಸ್ಪತ್ರೆಗಳದ್ದು. ಕೆಟ್ಟವು ಎಂದು ಬಂದ 2,529 ಉಪಕರಣಗಳಲ್ಲಿ 1,821 ಮತ್ತೆ ಓಡಿದವು. ಹೊರದೇಶದ ಬಿಡಿಭಾಗ ಒಂದನ್ನೂ ತರಿಸಲಿಲ್ಲ, ಅಲ್ಲಲ್ಲೇ ಸಿಕ್ಕಿದ ಸಾಮಾನಿನಲ್ಲೇ ಕೆಲಸ ಆಯಿತು. ಮೂರರಲ್ಲಿ ಎರಡು ಪಾಲು ಯಂತ್ರ ಏಳುವುದಕ್ಕೆ ಬೇಕಾದದ್ದು 107 ಪ್ರಾಥಮಿಕ ಕೌಶಲಗಳು: ಫ್ಯೂಸ್ ಹಾಕುವುದು, ಬೆಸುಗೆ, ಪೈಪು ಸೋರಿಕೆ ನಿಲ್ಲಿಸುವುದು, ಪವರ್ ಸಪ್ಲೈ ನೋಡುವುದು, ಇಂಥವು. ಸರಿಹೋದವುಗಳಲ್ಲಿ ಸುಮಾರು ಕಾಲು ಭಾಗಕ್ಕೆ ಸರಿಯಾಗಿ ಅಳವಡಿಸುವುದೋ, ಬಳಸುವುದು ಹೇಗೆಂದು ಹೇಳಿಕೊಡುವುದೋ ಸಾಕಾಯಿತು. ನಾವು ಕಲಿಸುವುದು ಇದನ್ನೇ. ಕಲಿಯಲು ಬರುವವರು ಬುದ್ಧಿವಂತರು, ಬೇಗ ಕಲಿಯುತ್ತಾರೆ. ಕಲಿತು ವಾಪಸು ಹೋದಮೇಲೆ ಅವರಿಗೆ ಏನಾಗುತ್ತದೆ ಎಂಬುದಕ್ಕೆ ಈ ಪತ್ರ.

ನಮ್ಮಲ್ಲಿ ಕಲಿತ ಒಬ್ಬ ಹುಡುಗನಿದ್ದಾನೆ. ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ, ಇರುವ ತೊಂದರೆಯೇ ಅವನಿಗೆ ಸಾಕಾಗಿದೆ. ಕೆಲಸ ತಂತ್ರಜ್ಞನದು, ಕಾಗದದ ಮೇಲೆ ಸ್ಟೋರ್ ಸಹಾಯಕ. ಯಾಕೆಂದರೆ ನಿಮ್ಮ ವೃಂದ ಮತ್ತು ನೇಮಕಾತಿ ನಿಯಮದಲ್ಲಿ ತಂತ್ರಜ್ಞ ಎಂಬ ಹುದ್ದೆಯೇ ಇಲ್ಲ. ಮಕ್ಕಳ ವಾರ್ಡಿನ ಆಕ್ಸಿಜನ್ ಕಾನ್ಸಂಟ್ರೇಟರ್ ಹಳದಿ ದೀಪ ತೋರಿಸತೊಡಗಿತು, ಎಂದರೆ ಆಮ್ಲಜನಕ ಕಡಿಮೆ ಬರುತ್ತಿದೆ ಎಂದು. ಆ ಯಂತ್ರದಲ್ಲಿ ಮಂತ್ರ ಏನಿಲ್ಲ ಎಂದು ನಿಮಗೂ ಗೊತ್ತು. ಗಾಳಿಯಲ್ಲಿ ಆಮ್ಲಜನಕ ಇರುವುದು ಶೇ. 21. ಕಂಪ್ರೆಸರ್ ಆ ಗಾಳಿಯನ್ನು ಜಿಯೊಲೈಟ್ ಹರಳುಗಳ ಮೂಲಕ ನೂಕುತ್ತದೆ, ಹರಳು ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆಚೆ ಕಡೆ ಶೇ. 90 ದಾಟಿದ ಆಮ್ಲಜನಕ ಬರುತ್ತದೆ. ಅದು 82ಕ್ಕಿಂತ ಕೆಳಗಿಳಿದರೆ ಮಗುವಿಗೆ ಕೊಡುವಂತಿಲ್ಲ.

ಹುಡುಗ ಹಿಂದಿನ ಮುಚ್ಚಳ ಬಿಚ್ಚಿದ. ಗಾಳಿ ಒಳಗೆಳೆಯುವ ಫಿಲ್ಟರ್ ಮೇಲೆ ಧೂಳು ಕಂಬಳಿಯ ಹಾಗೆ ದಪ್ಪಗೆ ಕೂತಿತ್ತು. ಒಳಗಿನ ಒಂದು ರಬ್ಬರ್ ನಳಿಕೆ ಜೋಡಣೆಯ ಹತ್ತಿರ ಸೀಳಿತ್ತು, ಬೆರಳಿಟ್ಟರೆ ಗಾಳಿ ತಾಗುತ್ತಿತ್ತು. ಸೀಳಿದ ತುದಿ ಕತ್ತರಿಸಿದ, ಉಳಿದ ನಳಿಕೆಯನ್ನೇ ಎಳೆದು ಕೂರಿಸಿ ಕ್ಲಿಪ್ ಬಿಗಿದ, ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕಿದ. ಒಣಗಿಸಿದ್ದನ್ನು ಯಾಕೆ ಹೇಳುತ್ತೇನೆಂದರೆ, ತೇವ ಒಳಗೆ ಹೋದರೆ ಜಿಯೊಲೈಟ್ ಕೆಡುತ್ತದೆ. ಅದನ್ನು ಮರೆಯದವನು ಪಾಠ ಕೇಳಿದವನು. ಮೀಟರ್ ಹಿಡಿದು ಅಳೆದ, 90ರ ಮೇಲೆ ಬಂತು. ಯಂತ್ರ ಅದೇ ರಾತ್ರಿ ವಾರ್ಡಿಗೆ ವಾಪಸು ಹೋಯಿತು.

ಆಮೇಲೆ ದಾಸ್ತಾನು ತಪಾಸಣೆಗೆ ಬಂದ ಅಧಿಕಾರಿಗಳ ಕಣ್ಣಿಗೆ ಬಿದ್ದದ್ದು ಕಂಪನಿಯ ಸೀಲ್ ಒಡೆದಿರುವುದು. ‘ಅಧಿಕಾರವಿಲ್ಲದೆ ಸರ್ಕಾರಿ ಸ್ವತ್ತನ್ನು ಬಿಚ್ಚಿದ್ದೇಕೆ’ ಎಂದು ಹುಡುಗನಿಗೆ ಕಾರಣ ಕೇಳಿ ನೋಟಿಸ್. ವಾರಂಟಿ ಮುಗಿದು ಯಾವ ಕಾಲವಾಗಿತ್ತೋ. ನಿರ್ವಹಣೆ ಒಪ್ಪಂದವನ್ನು ಯಾರೂ ನವೀಕರಿಸಿರಲಿಲ್ಲ. ಇಷ್ಟಕ್ಕೇ ನಿಲ್ಲಲಿಲ್ಲ. ವಿಚಾರಣೆ ಮುಗಿಯುವವರೆಗೆ ಯಂತ್ರ ‘ಸಾಕ್ಷ್ಯ’ವಂತೆ! ಹಿಡಿಕೆಗೆ ಚೀಟಿ ಕಟ್ಟಿ, ಅರಗು ಹಾಕಿ, ಸ್ಟೋರಿನೊಳಗೆ ಬೀಗ ಜಡಿದರು. ಓಡುತ್ತಿದ್ದ ಯಂತ್ರ ಸ್ವಾಮಿ, ಓಡುತ್ತಿದ್ದ ಯಂತ್ರ. ಕೆಟ್ಟು ನಿಂತಿದ್ದಷ್ಟು ದಿನ ಯಾವ ಅಧಿಕಾರಿಯೂ ಅದರ ಕಡೆ ತಿರುಗಿ ನೋಡಿರಲಿಲ್ಲ.

ಹುಡುಗನನ್ನು ಜನರೇಟರ್ ಕೋಣೆಗೆ ಹಾಕಿದರು. ಈಗ ಡೀಸೆಲ್ ಪುಸ್ತಕ ಬರೆಯುತ್ತಾನೆ. ಅವನ ಪರವಾಗಿ ನಾಲ್ಕು ಮಾತಾಡಲು ಹೋದೆ. ‘ನೀವು ಸ್ವಯಂಸೇವಕರು, ಇಲಾಖೆ ವಿಷಯಕ್ಕೆ ತಲೆ ಹಾಕಬೇಡಿ’ ಎಂದರು. ಹೌದು, ಇಲಾಖೆಯ ಮಕ್ಕಳಿಗೆ ಆಮ್ಲಜನಕ ಬೇಕಾದಾಗ ಮಾತ್ರ ನಾವು ತಲೆ, ಕೈ ಎರಡೂ ಹಾಕಬಹುದು. ಅದೇ ವಾರ ತರಬೇತಿಯ ಸಮಾರೋಪದಲ್ಲಿ ನಿಮ್ಮ ಇಲಾಖೆಯವರು ನಮಗೆ ಶಾಲು ಹೊದಿಸಿ ಫೋಟೊ ತೆಗೆಸಿಕೊಂಡರು. ಶಾಲು ಚೆನ್ನಾಗಿದೆ, ವಾಪಸು ಕಳಿಸಲು ಸಿದ್ಧನಿದ್ದೇನೆ. ಹುದ್ದೆ ಕೊಡಿ.

ನಿಯಮ ಬಲ್ಲವರಿಗೆ ನಿಯಮ ಹೇಳಿಕೊಡುವಷ್ಟು ದೊಡ್ಡವನು ನಾನಲ್ಲ. ದಾನದ ಉಪಕರಣಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2000ದಲ್ಲೇ ಮಾರ್ಗಸೂಚಿ ಕೊಟ್ಟಿದೆ: ಕೊಡುವವರ ದೇಶದಲ್ಲಿ ಬಳಸಲು ಲಾಯಕ್ಕಿಲ್ಲದ್ದನ್ನು ಬೇರೆಯವರಿಗೆ ದಾಟಿಸಬಾರದು, ಪಡೆಯುವವರನ್ನು ಕೇಳದೆ ಕಳಿಸಬಾರದು. ಆರೋಗ್ಯ ತಂತ್ರಜ್ಞಾನದ ಬಗ್ಗೆ ವಿಶ್ವ ಆರೋಗ್ಯ ಸಭೆ 2007ರಲ್ಲಿ ನಿರ್ಣಯವನ್ನೂ ಮಾಡಿದೆ. ಎಲ್ಲ ನಿಮ್ಮ ಕಡತದಲ್ಲಿ ಇರುತ್ತದೆ. ಆದರೂ 110 ವೋಲ್ಟಿನ ಯಂತ್ರಗಳು ಬರುತ್ತಲೇ ಇವೆ. ಅವನ್ನು ನೇರ 230 ವೋಲ್ಟಿನ ಪ್ಲಗ್ಗಿಗೆ ಚುಚ್ಚಲಾಗುತ್ತದೆ, ಸುಟ್ಟ ವಾಸನೆ ಬರುತ್ತದೆ, ಸ್ಟೋರಿನಲ್ಲಿ ಇನ್ನೊಂದು ಸಾಮಾನು ಹೆಚ್ಚುತ್ತದೆ. ಪ್ಲಗ್ ಚುಚ್ಚುವ ಮೊದಲು ಯಂತ್ರದ ಹಿಂದೆ ವೋಲ್ಟೇಜ್ ಬರೆದಿರುವ ತಗಡಿನ ಪಟ್ಟಿ ಓದಲು ಒಬ್ಬ ತಂತ್ರಜ್ಞ ಇದ್ದಿದ್ದರೆ ಮುಗಿಯುವ ಮಾತು ಇದು.

‘ಕಂಪನಿಯವರೇ ಬಂದು ನೋಡುತ್ತಾರಲ್ಲ’ ಎಂದು ನಿಮ್ಮ ಅಧಿಕಾರಿಗಳು ಹೇಳುತ್ತಾರೆ. ಬರುತ್ತಾರೆ, ದೊಡ್ಡ ಊರಿನ ದೊಡ್ಡ ಯಂತ್ರಕ್ಕೆ. ಸಕ್ಷನ್ ಪಂಪಿನ ಜಾಡಿ ತುಂಬಿ ನೀರು ಮೋಟಾರಿಗೆ ಹೋದರೆ, ಬಿಪಿ ಕಫ್ ಸೋರಿದರೆ, ಇಸಿಜಿ ವೈರು ಬುಡದಲ್ಲಿ ಮುರಿದರೆ ಯಾವ ಕಂಪನಿಯೂ ಬರುವುದಿಲ್ಲ. ಎಷ್ಟೋ ಕಂಪನಿಗಳು ಸರ್ವಿಸ್ ಮ್ಯಾನುಯಲ್ ಕೂಡ ಕೊಡುವುದಿಲ್ಲ, ಯಂತ್ರದ ಸರ್ವಿಸ್ ಮೆನುಗೆ ಪಾಸ್‌ವರ್ಡ್ ಹಾಕಿಟ್ಟಿರುತ್ತಾರೆ. ಕೋವಿಡ್ ಕಾಲದಲ್ಲಿ, 2020ರಲ್ಲಿ, ರಿಪೇರಿ ಮಾಡುವುದು ಹೇಗೆಂದು ಹೇಳಿಕೊಡುವ ಐಫಿಕ್ಸಿಟ್ ಎಂಬ ಜಾಲತಾಣದವರು ಗ್ರಂಥಪಾಲಕರೂ ಸೇರಿದಂತೆ ನೂರಾರು ಸ್ವಯಂಸೇವಕರನ್ನು ಕೂಡಿಸಿ ವೈದ್ಯಕೀಯ ಉಪಕರಣಗಳ ಸಾವಿರಾರು ಮ್ಯಾನುಯಲ್‌ಗಳನ್ನು ಒಂದೆಡೆ ಉಚಿತವಾಗಿ ಇಟ್ಟರು. ಟೆಂಡರ್ ಕರೆಯುವಾಗ ‘ಮ್ಯಾನುಯಲ್, ಪಾಸ್‌ವರ್ಡ್ ಎರಡೂ ಕೊಡತಕ್ಕದ್ದು’ ಎಂದು ಒಂದು ಸಾಲು ಸೇರಿಸುವುದು ನಿಮ್ಮ ಕೈಯಲ್ಲೇ ಇದೆ. ಅದೂ ಆಗಲಿ. ಆದರೆ ಮ್ಯಾನುಯಲ್ ಬಂದರೂ ಓದುವವರು ಬೇಕಲ್ಲ? ಮತ್ತೆ ಅಲ್ಲಿಗೇ ಬಂದೆ: ಹುದ್ದೆ ಕೊಡಿ.

ದುಡ್ಡಿಲ್ಲ ಎನ್ನಬೇಡಿ. ಹೊಸ ಯಂತ್ರ ಕೊಳ್ಳಲು ಪ್ರತಿ ಬಜೆಟ್ಟಿನಲ್ಲೂ ದುಡ್ಡು ಇರುತ್ತದೆ, ರಿಬ್ಬನ್ ಕತ್ತರಿಸಲು ಕತ್ತರಿಯೂ ಇರುತ್ತದೆ. ಕೆಟ್ಟದ್ದನ್ನು ರಿಪೇರಿ ಮಾಡಿದರೆ ಉದ್ಘಾಟನೆ ಇರುವುದಿಲ್ಲ, ಕಷ್ಟ ಅದೇ ಇರಬೇಕು. (ಬೇಕಿದ್ದರೆ ರಿಪೇರಿಯಾದ ಯಂತ್ರಕ್ಕೂ ರಿಬ್ಬನ್ ಕಟ್ಟುತ್ತೇವೆ, ಬನ್ನಿ.)

ಕಲಿತವರು ಈಗ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಕೆಲವರು ಖಾಸಗಿ ಆಸ್ಪತ್ರೆಗೆ, ಕೆಲವರು ಮೊಬೈಲ್ ರಿಪೇರಿಗೆ. ಅವರನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಯಂತ್ರ ಸರಿ ಮಾಡಿದ್ದಕ್ಕೆ ನೋಟಿಸ್ ಸಿಗುವ ಕಡೆ ಯಾರು ಇರುತ್ತಾರೆ?

ಆದ್ದರಿಂದ, ಮಾನ್ಯರೇ, ಕೇಳುತ್ತಿರುವುದು ಇಷ್ಟು. ಪ್ರತಿ ಜಿಲ್ಲಾ ಆಸ್ಪತ್ರೆಗೆ ಒಂದು ಮಂಜೂರಾದ ತಂತ್ರಜ್ಞನ ಹುದ್ದೆ. ಅವನಿಗೋ ಅವಳಿಗೋ ಒಂದು ಕೋಣೆ, ಒಂದು ಪೆಟ್ಟಿಗೆ ಉಪಕರಣ, ಫ್ಯೂಸು ನಳಿಕೆ ಕೊಳ್ಳಲು ಇಂಡೆಂಟ್ ಹಾಕಿ ಕಾಯಬೇಕಿಲ್ಲದ ಸಣ್ಣ ಮೊತ್ತ. ವಾರಂಟಿ ಮುಗಿದ ಯಂತ್ರವನ್ನು ಬಿಚ್ಚಲು ಲಿಖಿತ ಅಧಿಕಾರ. ಆ ಹುಡುಗನ ಮೇಲಿನ ನೋಟಿಸ್ ರದ್ದಾಗಬೇಕು, ಬೀಗದೊಳಗಿನ ಯಂತ್ರ ವಾರ್ಡಿಗೆ ಹೋಗಬೇಕು. ಕೊನೆಯ ಎರಡಕ್ಕೆ ಸಂಪುಟದ ಒಪ್ಪಿಗೆಯೂ ಬೇಡ, ಬಜೆಟ್ಟೂ ಬೇಡ. ಒಂದು ಫೋನ್ ಸಾಕು, ಇವತ್ತೇ ಮಾಡಬಹುದು.

ಮುಂದಿನ ತಂಡಕ್ಕೆ ಅಭ್ಯರ್ಥಿಗಳನ್ನು ಕಳಿಸುತ್ತೇವೆಂದು ನಿಮ್ಮ ಇಲಾಖೆಯಿಂದ ಪತ್ರ ಬಂದಿದೆ. ಕಲಿಸಲು ನಾವು ತಯಾರಿದ್ದೇವೆ. ಆದರೆ ಈ ಸಲ ಪ್ರತಿ ಅಭ್ಯರ್ಥಿಯ ಹೆಸರಿನ ಪಕ್ಕ ಹುದ್ದೆಯ ಮಂಜೂರಾತಿ ಆದೇಶದ ಸಂಖ್ಯೆ ಬರೆದು ಕಳಿಸಿ. ಆ ಕಾಲಂ ಖಾಲಿ ಇರುವ ಪಟ್ಟಿಯನ್ನು ನಾವು ಹಾಗೇ ಹಿಂದಕ್ಕೆ ಕಳಿಸುತ್ತೇವೆ.

ಇಂತಿ,
ಉಪಕರಣ ತಂತ್ರಜ್ಞರ ತರಬೇತಿಯ ಒಬ್ಬ ಸ್ವಯಂಸೇವಕ